ಸೋದರಳಿಯ ಕೇಳಿದ ಹಲಗೆ

ಹೊಸ ಸ್ನೋಬೋರ್ಡ್, ಅಂದರೆ ಹಿಮದ ಮೇಲೆ ಜಾರುವ ಹಲಗೆ, ಕೊಂಡವರು ಪೆಟ್ಟಿಗೆಯಿಂದ ತೆಗೆದು ನೇರ ಹಿಮಕ್ಕೆ ಇಳಿಸುತ್ತಾರೆ. ಕಾರ್ಖಾನೆಯವರೇ ಮೇಣ ಹಚ್ಚಿದ್ದಾರಲ್ಲ ಎನ್ನುತ್ತಾರೆ. ಅದು ಮೇಣವಲ್ಲ, ಕಣ್ಣೊರೆಸುವ ತಂತ್ರ. ಕಾರಾಕೋಲ್ ಬೆಟ್ಟದಲ್ಲಿ ಹಲಗೆ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಊರವರ ಹಲಗೆಗಳಿಗೆಲ್ಲ ಮೇಣ ಕಾಯಿಸಿ ಹಚ್ಚಿದವಳು ನಾನು, ನನಗೆ ಗೊತ್ತಿಲ್ಲವೆ? ಈ ಸಲ ಮೊದಲ ಬಾರಿಗೆ ನನ್ನದೇ ದುಡಿಮೆಯ, ನನ್ನದೇ ಹಲಗೆ. ಭಾನುವಾರ ಬೆಟ್ಟದಲ್ಲಿ ಪಂದ್ಯ. ಅಂಗಡಿಯ ಅಂಚು ತುಕ್ಕು ಹಿಡಿದ ಹಲಗೆಯ ಮೇಲೆ ಪ್ರತಿವರ್ಷ ಎರಡನೆಯವಳಾಗಿ ಸಾಕಾಗಿತ್ತು.

ಶುಕ್ರವಾರ ಸಂಜೆ ಕೊಟ್ಟಿಗೆಯಲ್ಲಿ ಅದನ್ನು ಬೋರಲು ಮಲಗಿಸಿ, ಅಂಚು ಉಗುರು ಹೆರೆಯುವಷ್ಟು ಹರಿತವಾಗುವವರೆಗೆ ಅರ ಉಜ್ಜಿದೆ. ಮೂತಿ ಮತ್ತು ಬಾಲದ ಕಡೆ ಮಾತ್ರ ತುಸು ಮೊಂಡು ಮಾಡಿದೆ, ಇಲ್ಲದಿದ್ದರೆ ತಿರುವಿನಲ್ಲಿ ಹಿಮ ಕಚ್ಚಿ ಕೆಡವಿಬಿಡುತ್ತದೆ. ಆಮೇಲೆ ಕಾದ ಇಸ್ತ್ರಿಪೆಟ್ಟಿಗೆಗೆ ಮೇಣದ ಗಟ್ಟಿ ಒತ್ತಿ, ತೊಟ್ಟು ತೊಟ್ಟಾಗಿ ಬೀಳಿಸಿ, ಮೆಲ್ಲಗೆ ಹರಡಿದೆ. ಅದು ತಣ್ಣಗಾಗಲೆಂದು ಕಾಯುತ್ತಿದ್ದಾಗ ಅಪ್ಪನ ಜೊತೆ ಬೆಕ್ತುರ್ ಒಳಗೆ ಬಂದ.

ಬೆಕ್ತುರ್ ನನ್ನ ಸೋದರತ್ತೆಯ ಮಗ. ನಮ್ಮಲ್ಲಿ ಸೋದರಿಯ ಮಕ್ಕಳು ಮಾವನ ಮನೆಗೆ ಬಂದು ಏನು ಬೇಕೆನ್ನುತ್ತಾರೋ ಅದು ಅವರದು. ಇಲ್ಲವೆಂದರೆ ಮನೆಗೆ ಕೇಡಂತೆ. ಈ ಮಹಾರಾಯ ಹಾಗೆಯೇ ಒಂದು ಕುದುರೆಮರಿ, ಅಪ್ಪನ ತಂತಿವಾದ್ಯ ಕೋಮುಜ್, ನಾನು ಹಾಲು ಕುಡಿಸಿ ಬೆಳೆಸಿದ ನಾಯಿ, ಎಲ್ಲವನ್ನೂ ಒಯ್ದಿದ್ದಾನೆ. ಕೋಮುಜ್ ನುಡಿಸಲು ಅವನಿಗೆ ಬರುವುದೇ ಇಲ್ಲ.

"ಮಾವ, ಈ ಹಲಗೆ ಚೆನ್ನಾಗಿದೆ," ಎಂದ.

ಅಪ್ಪ ನನ್ನ ಮುಖ ನೋಡಲಿಲ್ಲ. "ತಗೊಂಡು ಹೋಗಪ್ಪ," ಎಂದರು.

"ಅದು ನಂದು," ಎಂದೆ.

"ನಮ್ಮನೇಲಿರೋದು ತಾನೆ, ಬುರುಲ್. ಅಳಿಯ ಬಾಯ್ಬಿಟ್ಟು ಕೇಳಿದ್ಮೇಲೆ ಇಲ್ಲ ಅನ್ನೋಕಾಗತ್ತ?"

"ಕೇಳಿದ್ದು ನಿಮ್ಮನ್ನ. ಮೈ ಬಗ್ಗಿಸಿ ದುಡಿದೋಳು ನಾನು."

ಬೆಕ್ತುರ್ ನಕ್ಕ. "ಬಿಡೇ, ನಾಳೆ ಮದ್ವೆ ಆಗಿ ಹೋಗೋಳು. ಗಂಡನ ಮನೆಗೆ ಹಲಗೆ ಹೊತ್ಕೊಂಡು ಹೋಗ್ತೀಯ?"

ಮೈಯೆಲ್ಲ ಉರಿದುಹೋಯಿತು. ಮೇಣ ಕೆರೆಯದೆ ಹಾಗೇ ಕೊಟ್ಟುಬಿಡಬಹುದಿತ್ತು. ಹಲಗೆ ಹಿಮದ ಮೇಲೆ ಮುಂದೆ ಸರಿಯದೆ, ಇಡೀ ಬೆಟ್ಟದೆದುರು ಇವನ ಮಾನ ಹೋಗುತ್ತಿತ್ತು. ಆದರೆ ಅರೆಬರೆ ಕೆಲಸದ ಹಲಗೆ ನನ್ನ ಕೈಯಿಂದ ಎಂದೂ ಹೊರಗೆ ಹೋಗಿಲ್ಲ.

"ಕೂತ್ಕೊ. ಮುಗಿಸಿ ಕೊಡ್ತೀನಿ."

ಮೂತಿಯಿಂದ ಬಾಲದವರೆಗೆ ಕೆರೆದೆ. ಮೇಣ ಸುರುಳಿ ಸುರುಳಿಯಾಗಿ ನೆಲಕ್ಕೆ ಬಿತ್ತು. ಕೆರೆಯುತ್ತಿದ್ದ ಹಾಗೆ ಒಂದು ಮಾತು ಹೊಳೆಯಿತು. ಬ್ರಷ್ ಎಳೆದು ಹೊಳಪು ತಂದು, ಹಲಗೆಯನ್ನು ಅವನ ಕಾರಿನಲ್ಲಿಟ್ಟು, ನಾನೂ ಹತ್ತಿ ಕುಳಿತೆ.

"ನೀನೆಲ್ಲಿಗೆ?"

"ಅತ್ತೆನ ನೋಡಿ ತುಂಬ ದಿನ ಆಯ್ತು."

ನಮ್ಮದು ಕೊಟ್ಟು ತಂದ ಸಂಬಂಧ. ಅತ್ತೆಯನ್ನು ಕೊಟ್ಟಿದ್ದು ನನ್ನಮ್ಮನ ಅಣ್ಣ ಶೇರಾಲಿಗೆ. ಅಂದರೆ ಬೆಕ್ತುರನ ಅಪ್ಪ ನನಗೆ ಸೋದರಮಾವ. ಇದು ಎಲ್ಲರಿಗೂ ಗೊತ್ತಿದ್ದದ್ದೇ, ಯಾರೂ ನೆನಪಿಟ್ಟುಕೊಂಡಿರಲಿಲ್ಲ, ನಾನೂ.

ಶೇರಾಲಿ ಮಾವ ಬಾಗಿಲಿಗೇ ಬಂದು ರೊಟ್ಟಿ ಮುರಿದು ಕೊಟ್ಟರು. ತುಂಡು ಬಾಯಿಗಿಟ್ಟುಕೊಂಡು, ಕಾರಿನ ಕಡೆ ಕೈ ತೋರಿಸಿ ಹೇಳಿದೆ: "ಮಾವ, ಆ ಹಲಗೆ ಚೆನ್ನಾಗಿದೆ."

ಬೆಕ್ತುರನ ಕಿವಿ ಕೆಂಪಾಯಿತು. "ಹೆಣ್ಮಕ್ಳು ಕೇಳೋ ಪದ್ಧತಿ ಇಲ್ಲ."

"ಇಲ್ಲ ಅಂತ ಯಾರು ಹೇಳಿದ್ದು? ಇದುವರೆಗೆ ಯಾರೂ ಕೇಳಿರ್ಲಿಲ್ಲ, ಅಷ್ಟೆ."

ಮಾವ ಗಡ್ಡ ನೀವಿಕೊಂಡರು. ಒಳಗಿನಿಂದ ಅತ್ತೆ, "ನಿಮ್ಮ ತಂಗಿ ಮಗಳಲ್ವ? ಇಲ್ಲ ಅಂದು ಮನೆಗೆ ಕೇಡು ತಂದ್ಕೋತೀರ?" ಎಂದಳು.

"ತಗೊಳಮ್ಮ," ಎಂದರು ಮಾವ.

"ಆ ನಾಯೀನೂ ಚೆನ್ನಾಗಿದೆ," ಎಂದೆ.

ಮರುದಿನ ನಮ್ಮ ಮನೆಗೆ ಬಂದ ಬಂಧುಗಳೆಲ್ಲ ಶೇರಾಲಿಯ ದೊಡ್ಡ ಕೈಯನ್ನೇ ಹೊಗಳಿದರು. ಹೊಸ ಹಲಗೆಯನ್ನು ಹೆಣ್ಣುಮಗಳಿಗೆ ಕೊಟ್ಟುಬಿಟ್ಟನಂತೆ, ಎಂಥ ಮನುಷ್ಯ. ಅಪ್ಪನೂ ತಲೆದೂಗಿದರು. ನಾನು ಚಹಾ ಬಗ್ಗಿಸುತ್ತಿದ್ದೆ.

"ಆ ಹಲಗೆ ಯಾರ್ದು ಅಪ್ಪ?" ಎಂದು ಕೇಳಿದೆ.

"ನಿಂದೇ. ಮಾವ ಕೊಟ್ಟಿದ್ದಲ್ವ?" ಎಂದರು.

ನಮ್ಮಲ್ಲಿ ಅರ್ಧ ಬಟ್ಟಲು ಚಹಾ ಕೊಟ್ಟರೆ ಮರ್ಯಾದೆ, ತುಂಬಿ ಕೊಟ್ಟರೆ ಎದ್ದು ಹೋಗಿ ಎಂದರ್ಥ. ನಾನು ಎಲ್ಲರ ಬಟ್ಟಲನ್ನೂ ತುಳುಕುವ ಹಾಗೆ ತುಂಬಿದೆ. ಅಪ್ಪನದನ್ನೂ.