ಗೇಟಿನ ಹಿಡಿ

"ಬೆರಳು ಬಿಡಿಸ್ಬೇಡಮ್ಮ," ಎಂದರು ಮೇಲ್ಹೊಲದ ಯಜಮಾನರು. "ಹಿಡಿ ಅವಳ ಜೊತೇಲೇ ಮಣ್ಣಿಗೆ ಹೋಗ್ಲಿ. ಊರು ಕೊಡೋ ಮರ್ಯಾದೆ ಅಂದ್ಕೋ."

ಮಗಳ ಕೈ ನಿಂತಿತು. ತಾಯಿ ನಿದ್ದೆಯಲ್ಲೇ ಹೋಗಿದ್ದಳು. ಮುಷ್ಟಿಯಲ್ಲಿ ಕಾಲುವೆ ಗೇಟಿನ ಕಬ್ಬಿಣದ ಹಿಡಿ ಬಿಗಿಯಾಗಿ ಕುಳಿತಿತ್ತು. ಬರಗಾಲದಲ್ಲಿ ಅದನ್ನು ಬಿಟ್ಟು ಮಲಗಿದವಳೇ ಅಲ್ಲ ಅವಳು.

"ಗಂಡನ ಕೈಯನ್ನೂ ಇಷ್ಟು ಗಟ್ಟಿ ಹಿಡಿದಿರ್ಲಿಲ್ಲ ನಮ್ಮಕ್ಕ," ಎಂದಳು ಚಿಕ್ಕಮ್ಮ, ಮೂಗು ಒರೆಸಿಕೊಳ್ಳುತ್ತಾ. ಅಳುತ್ತಿದ್ದವರೂ ನಕ್ಕರು.

ಯಜಮಾನರು ನಗಲಿಲ್ಲ. ದೊಡ್ಡ ಹಾರ ತಂದಿದ್ದರು. ಬದುಕಿದ್ದಾಗ ಅವಳನ್ನು ಬಾಯಿಬಡುಕಿ ಎನ್ನುತ್ತಿದ್ದ ಮನುಷ್ಯ.

ಮಗಳು ಬಾಗಿಲಲ್ಲಿದ್ದ ವೆಲ್ಡರ್‌ನನ್ನು ಕೇಳಿದಳು, "ಇದು ಹೋದ್ರೆ ಬೇರೆ ಮಾಡ್ಕೊಡ್ತೀಯಾ?"

"ಹಿಡಿ ತುದೀಲಿರೋ ಈ ಹಲ್ಲು ಕಡಿಯೋದು ನನ್ನ ಕೈಲಾಗಲ್ಲಕ್ಕ. ಪಟ್ಟಣದಿಂದ ಬರ್ಬೇಕು. ಅಷ್ಟರಲ್ಲಿ ಕೆಳಹೊಲದ ಪೈರು ಸೌದೆ ಆಗಿರುತ್ತೆ."

ಗೇಟು ಈಗ ಮೇಲ್ಹೊಲಗಳ ಕಡೆ ತೆರೆದಿತ್ತು. ಇವತ್ತಿನಿಂದ ಕೆಳಗಿನವರ ಸರದಿ; ಅದನ್ನು ಮುಚ್ಚಿದರೇ ನೀರು ಮುಂದೆ ಅವರ ಕಡೆ ಹರಿಯುವುದು. ಹಿಡಿ ಮಣ್ಣಿಗೆ ಹೋದರೆ ಮುಚ್ಚುವವರು ಯಾರು? ಮರ್ಯಾದೆಯಂತೆ ಮರ್ಯಾದೆ.

*

ಕೆರೆ, ಕಾಲುವೆ ಎರಡನ್ನೂ ಇಡೀ ಊರು ಸೇರಿ ತೋಡಿತ್ತು. ಆದರೂ ಮೊದಲ ಬರದಲ್ಲೇ ನೀರು ಮೇಲಿನವರ ಹೊಲ ದಾಟಲಿಲ್ಲ. ಆಗ ತಾಯಿ ಹೋಗಿ ಗೇಟು ಮುಚ್ಚಿ, ಹಿಡಿ ಕಿತ್ತು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದಳು. ಅವಳ ಹೊಲವೂ ಮೇಲೇ ಇತ್ತು. ಗಂಡ ಕೂಗಾಡಿದ.

"ನಮ್ಮ ಜೋಳಕ್ಕೂ ನೀರಿಲ್ವಲ್ಲೇ, ತಲೆ ಕೆಟ್ಟಿದ್ಯಾ?"

"ನಮ್ಮ ಸರದಿ ಮುಗೀತು. ಅಗೆಯೋವಾಗ ಅವರು ಬೇಕಿತ್ತು, ಕುಡಿಯೋವಾಗ ಬೇಡ್ವಾ?"

*

ಮಗಳು ತಾಯಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಹೆಣದ ಕೈಯಿಂದ ಕಿತ್ಕೊಳ್ತೀಯಲ್ಲ, ನಾಚಿಕೆ ಆಗಲ್ವಾ?" ಎಂದರು ಯಜಮಾನರು.

"ಹೆಣದ ಕೈಲಿ ನಿಮ್ಮ ಕೆಲಸ ಮಾಡಿಸ್ಕೊಳ್ಳೋಕೆ ಬಂದ್ರಲ್ಲ, ನಿಮಗಾಯ್ತಾ?"

ಹೆಣ ಹೊತ್ತವರು ಗೇಟಿನ ಬಳಿ ನಿಂತರು. ಯಜಮಾನರ ತಮ್ಮಂದಿರು ಗೇಟು ಏರಿಸಿ ಇಳಿಸುವ ಗಾಲಿಗೆ ಅಡ್ಡ ನಿಂತಿದ್ದರು.

"ಪಕ್ಕಕ್ಕೆ ಸರೀರಪ್ಪ," ಎಂದಳು ಚಿಕ್ಕಮ್ಮ. "ಇಲ್ದಿದ್ರೆ ಇಲ್ಲೇ ಇಳಿಸ್ತೀವಿ. ನಿಮ್ಮ ಹೊಲದಲ್ಲೇ ಮಲಗ್ಲಿ ನಮ್ಮಕ್ಕ."

ಸರಿದರು.

ಮಗಳು ಗಾಲಿಗೆ ಹಿಡಿ ಸಿಕ್ಕಿಸಿ, ಮೈಯೆಲ್ಲ ಭಾರ ಹಾಕಿ ತಿರುವಿದಳು. ಗೇಟು ಕಿರುಗುಟ್ಟಿ ಇಳಿಯಿತು. ಹಿಡಿ ಕಿತ್ತು ಕಂಕುಳಲ್ಲಿಟ್ಟುಕೊಂಡಳು.

ಸ್ಮಶಾನ ಕಾಲುವೆಯ ಕೊನೆಯಲ್ಲಿತ್ತು. ಜನ ಒಣ ಕಾಲುವೆಯ ಏರಿ ಹಿಡಿದು ಹೊರಟರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದೆ ಸದ್ದಾಯಿತು. ಕಸಕಡ್ಡಿ, ನೊರೆ ತಳ್ಳಿಕೊಂಡು ನೀರು ಬಂತು. ಹೆಣದ ಪಕ್ಕಕ್ಕೆ ಬಂತು. ಯಾರಿಗೂ ಕಾಯದೆ ಮುಂದೆ ಹೋಯಿತು. ಹೆಗಲು ಕೊಟ್ಟಿದ್ದ ಕೆಳಹೊಲದವರು ಅದರ ಹಿಂದೆ ಹೆಜ್ಜೆ ಜೋರು ಮಾಡಿದರು.