ಒದ್ದೆ ಪುಡಿಯ ಸದ್ದು

ಕುಲುಮೆಯ ಮೇಸ್ತ್ರಿಗೆ ಕಣ್ಣಿಗಿಂತ ಕಿವಿಯ ಮೇಲೇ ನಂಬಿಕೆ. ಕರಗಿದ ಅಲ್ಯೂಮಿನಿಯಂಗೆ ಗಟ್ಟಿತನ ಬರಲೆಂದು ಸಿಲಿಕಾನ್ ಕಾರ್ಬೈಡ್ ಪುಡಿ ಉದುರಿಸಿ ತಿರುವುವಾಗ, ಪುಡಿ ಒಣಗಿದ್ದರೆ ಸದ್ದಿಲ್ಲದೆ ಒಳಗಿಳಿಯುತ್ತದೆ. ತೇವವಿದ್ದರೆ 'ಚುಯ್' ಎನ್ನುತ್ತದೆ. ಎನ್ನುವುದೇ ತಡ, ಮೇಸ್ತ್ರಿ ಕೈ ತಡೆದು, "ಇದಕ್ಕಿನ್ನೂ ನೆಗಡಿ ಹೋಗಿಲ್ಲ ಕಣಮ್ಮಾ" ಎಂದು ಪುಡಿಯನ್ನು ಮತ್ತೆ ಓವನ್ನಿಗೆ ಕಳಿಸುತ್ತಿದ್ದರು.

ಸಂಶೋಧನೆಯ ಹುಡುಗಿ ನಾಲ್ಕು ವರ್ಷ ಆ ಕಿವಿಯನ್ನೇ ನಂಬಿದ್ದಳು. ಈಗ ಉಳಿದಿದ್ದು ಒಂದೇ ಡಬ್ಬಿ ಪುಡಿ, ಒಂದೇ ಎರಕ. ಪ್ರಬಂಧ ಒಪ್ಪಿಸಲು ಎಂಟು ದಿನ. ಈ ಎರಕದ ಸರಳು ಎಳೆತದ ಪರೀಕ್ಷೆಯಲ್ಲಿ ಬೇಗ ಮುರಿಯದೆ ತಡೆದರೆ ಪದವಿ; ಇಲ್ಲದಿದ್ದರೆ ನಾಲ್ಕು ವರ್ಷವೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಆಚೆ ಮೂಲೆಯಲ್ಲಿ ಅಚ್ಚು ಕಾಯಿಸುತ್ತಿದ್ದವಳಿಗೆ 'ಚುಯ್' ಕೇಳಿಸಿತು. ಮೇಸ್ತ್ರಿಯ ಕೈ ನಿಲ್ಲುತ್ತದೆಂದು ಕಾದಳು. ಮತ್ತೆ 'ಚುಯ್'.

"ಮೇಸ್ತ್ರಿ, ನಿಲ್ಸಿ!"

ಮೇಸ್ತ್ರಿ ತಿರುಗಲಿಲ್ಲ. ಕೂಗುತ್ತಲೇ ಓಡಿದಳು. ಭುಜ ಮುಟ್ಟಿದಾಗ ಅವರು ಖಾಲಿ ಡಬ್ಬಿ ತೋರಿಸಿ ನಕ್ಕರು.

"ನೋಡಮ್ಮಾ, ಬೆಣ್ಣೆ ಹಾಗೆ ಇಳೀತು. ಚುಯ್ ಇಲ್ಲ, ಪಯ್ ಇಲ್ಲ."

ಲೋಹ ಇನ್ನೂ ಸೀಟಿ ಹೊಡೆಯುತ್ತಲೇ ಇತ್ತು. ಈಚೆಗೆ ಮಾತಾಡುವಾಗಲೆಲ್ಲ ಅವರು ತನ್ನ ತುಟಿಯನ್ನೇ ನೋಡುತ್ತಿದ್ದುದು ಅವಳಿಗೆ ನೆನಪಾಯಿತು. ಅಕ್ಕರೆ ಅಂದುಕೊಂಡಿದ್ದಳು. ಇದ್ದ ಪುಡಿಯೆಲ್ಲ ಲೋಹಕ್ಕಿಳಿದಾಗಿತ್ತು. ಇಬ್ಬರೂ ಸೇರಿ ಎರಕ ಹೊಯ್ದರು.

ಸರಳು ಆರಿದ ಮೇಲೆ ಮೇಸ್ತ್ರಿ ಅದನ್ನು ಕಿವಿಗೆ ಹಿಡಿದು ಸ್ಪ್ಯಾನರಿನಿಂದ ತಟ್ಟಿದರು. "ಗಂಟೆ ಕಣಮ್ಮಾ, ಗಂಟೆ!" ಅವಳಿಗೆ ಕೇಳಿಸಿದ್ದು ಬಿರುಕು ಬಿಟ್ಟ ಮಡಕೆಯ ಸದ್ದು.

ಮರುದಿನ ಬೆಳಿಗ್ಗೆ ಪರೀಕ್ಷೆ. ಎಳೆಯುವ ಮೆಷಿನ್ನಿನವನು ಸರಳಿನ ಎರಡೂ ತುದಿ ಬಿಗಿದ. "ಎಳೆಯೋದು ನಂಗೆ ಹೊಸದಲ್ಲ ಬಿಡಿ, ಇಪ್ಪತ್ತು ವರ್ಷದಿಂದ ಸಂಸಾರ ಎಳೀತಿದೀನಿ."

"ಮುರಿಯೋದು ನೋಡೋಕೆ ನನ್ನಿಂದಾಗಲ್ಲಪ್ಪ, ಹೆತ್ತ ಕರುಳು," ಎನ್ನುತ್ತ ಮೇಸ್ತ್ರಿ ಕಿಟಕಿಯ ಕಡೆ ತಿರುಗಿ ನಿಂತರು.

ಅಳತೆಯ ಮುಳ್ಳು ಅರ್ಧಕ್ಕೂ ಏರಿರಲಿಲ್ಲ. ಪಟ್! ಮೆಷಿನ್ನಿನವನೇ ಬೆಚ್ಚಿ ಹಿಂದೆ ಸರಿದ. ಮುರಿದ ಜಾಗದಲ್ಲಿ ಪುಡಿ ಗಂಟುಗಂಟಾಗಿ ಕೂತಿತ್ತು. ಸುತ್ತ ಗುಳ್ಳೆಗಳ ತೂತು.

ಮೆಷಿನ್ನಿನವನು ಮೋಟರು ಆರಿಸಿದ.

"ಇನ್ನೂ ಮುರಿದಿಲ್ಲ, ಅಲ್ವಾ?" ಕಿಟಕಿಯ ಕಡೆಯಿಂದ ಮೇಸ್ತ್ರಿಯ ದನಿ ಹಿಗ್ಗಿನಲ್ಲಿ ಏರಿತು. "ನಾನು ಹೇಳ್ಲಿಲ್ವಾ!"

ಮೆಷಿನ್ನಿನವನು ಅವಳ ಮುಖ ನೋಡಿದ. ಅವಳು ಎರಡೂ ತುಂಡುಗಳನ್ನು ಕೈಗೆ ತೆಗೆದುಕೊಂಡಳು. ಹೇಳಿದರೆ ಅವರಿಗೆ ಕೇಳಿಸದು; ತೋರಿಸಲೇಬೇಕು. ಅವರು ತಿರುಗುವುದನ್ನು ಕಾಯುತ್ತ, ತಿರುಗದಿರಲಿ ಎಂದುಕೊಳ್ಳುತ್ತ ನಿಂತಳು.