ಹುಲುಗಪ್ಪನ ಎರಡು ಚುಕ್ಕೆ

ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಮಿಶಿನ್ನು ನಿಂತುಹೋದರೆ ಜನ ಮೊದಲು ಕರೆಂಟಿನವರನ್ನು ಬೈಯುತ್ತಾರೆ. ಕರೆಂಟು ಸರಿಯಾಗಿಯೇ ಇದೆ ಎಂದು ಗೊತ್ತಾದ ಮೇಲೆ ಹುಲುಗಪ್ಪನ ಲೇತ್ ಅಂಗಡಿಗೆ ಬರುತ್ತಾರೆ. ಕಂಪನಿಯ ಬಿಡಿಭಾಗವೇ ಬೇಕೆಂದರೆ ಬೆಂಗಳೂರಿಗೆ ಫೋನು ಮಾಡಿ ಬಸ್ಸಿನ ಪಾರ್ಸೆಲ್ಲಿಗೆ ಕಾಯುತ್ತಾ ಕೂರಬೇಕು. ಹುಲುಗಪ್ಪನಾದರೆ ಸವೆದ ಭಾಗವನ್ನು ಅಂಗೈಯಲ್ಲಿ ಆಡಿಸಿ ನೋಡಿ, "ಸಂಜಿಕ್ಕ ಬರ್ರಿ" ಅನ್ನುತ್ತಾನೆ. ಸಂಜೆಗೆ ಹೊಸದು ತಯಾರಾಗಿರುತ್ತದೆ. ಅದರ ಮಗ್ಗುಲಲ್ಲಿ ಚೂಪು ಮೊನೆಯ ಉಕ್ಕಿನ ಪಂಚು ಇಟ್ಟು ಹೊಡೆದ ಎರಡು ಚುಕ್ಕೆ ಇರುತ್ತವೆ. ಅದು ಅವನ ಗುರುತು. ಬಳ್ಳಾರಿ, ಹಿಂದೂಪುರದ ಕಾರ್ಖಾನೆಗಳಲ್ಲಿ ಅವನ ಮುಖ ನೋಡಿರದ ಮೆಕ್ಯಾನಿಕ್ಕುಗಳು ಕೂಡ ಎರಡು ಚುಕ್ಕೆಯ ಮಾಲು ಇದೆಯಾ ಎಂದು ಕೇಳಿ ತರಿಸಿಕೊಳ್ಳುತ್ತಾರೆ.

ಆದರೆ ಇತ್ತೀಚೆಗೆ ಆ ಮಾಲಿನಲ್ಲಿ ಹುಲುಗಪ್ಪನದು ಎಂದು ಹೇಳಬಹುದಾದದ್ದು ಆ ಎರಡು ಚುಕ್ಕೆ ಮಾತ್ರ.

ಸಕ್ಕರೆ ಕಾಯಿಲೆ ಅವನ ಬೆರಳ ತುದಿಯ ಸ್ಪರ್ಶವನ್ನು ತಿಂದುಹಾಕಿತ್ತು. ಕುದಿಯುವ ಟೀ ಲೋಟವನ್ನು ಹಾಯಾಗಿ ಹಿಡಿದುಕೊಂಡು ಕೂರುತ್ತಿದ್ದ. ನೋಡಿದವರು ಗಟ್ಟಿ ಚರ್ಮದ ಮನುಷ್ಯ ಅಂದುಕೊಳ್ಳುತ್ತಿದ್ದರು. ಲೇತಿನ ಮುಂದೆ ಇಂಥ ಸೋಗು ನಡೆಯುವುದಿಲ್ಲ. ಅಳತೆಗೋಲು ಹೇಳುವಷ್ಟು ಹೇಳಿದ ಮೇಲೆ ಉಳಿದದ್ದನ್ನು ಹೆಬ್ಬೆರಳೇ ಹೇಳಬೇಕು. ಅವನ ಹೆಬ್ಬೆರಳು ಬಾಯಿ ಮುಚ್ಚಿಕೊಂಡಿತ್ತು. ಒಂದರ ಹಿಂದೊಂದು ಮಾಲು ಕೆಟ್ಟು ಗುಜರಿ ಡಬ್ಬಿಗೆ ಬಿದ್ದಾಗ, ಅಲ್ಲಿಯವರೆಗೆ ಎಣ್ಣೆ ಬಿಡುವುದು, ತುಂಡು ಕೊಯ್ಯುವುದು ಇಷ್ಟೇ ಮಾಡುತ್ತಿದ್ದ ಸೊಸೆ ಮಂಜುಳ, "ಇದೊಂದು ನಾ ನೋಡ್ತೀನ್ರಿ ಮಾವಾರ" ಅಂದಳು. ಹುಲುಗಪ್ಪ ಬೇಡ ಅನ್ನಲಿಲ್ಲ. ಮಗ ರಂಗನಾಥ್ ಬಳ್ಳಾರಿಯ ಕಾರ್ಖಾನೆಯಲ್ಲಿ ಮೆಕ್ಯಾನಿಕ್ಕು. ಲೇತಿನ ಮುಂದೆ ನಿಲ್ಲುವುದು ಅವನಿಗೆ ಎಂದೂ ಒಗ್ಗಿರಲಿಲ್ಲ. ಬೆಳುಗುಪ್ಪದ ಹೊಲದ ಮನೆಯಿಂದ ಬಂದ ಹುಡುಗಿಗೆ ಅದು ಒಗ್ಗಿತು.

ಅಂಗಡಿಯ ನಡುವೆ ಹಳೆಯ ಜೀನ್ಸ್ ಬಟ್ಟೆಯ ಪರದೆ ಬಂತು. ಒಳಗೆ ಮಂಜುಳ, ಲೇತು. ಹೊರಗೆ ಕುರ್ಚಿಯ ಮೇಲೆ ಹುಲುಗಪ್ಪ, ಪಂಚು, ಸುತ್ತಿಗೆ. ತಯಾರಾದ ಮಾಲು ಪರದೆಯ ಕೆಳಗಿನಿಂದ ಹೊರಗೆ ಬರುತ್ತಿತ್ತು, ಇವನು ಟಕ್ ಟಕ್ ಎಂದು ಎರಡು ಏಟು ಹಾಕಿ ಗಿರಾಕಿಗೆ ಕೊಡುತ್ತಿದ್ದ. ಸೊಸೆ ಎಣ್ಣೆ ಬಿಡುತ್ತಾಳೆ, ಉಜ್ಜಿ ಕೊಡುತ್ತಾಳೆ ಎಂದು ಊರು ತಿಳಿದಿತ್ತು. ಅಷ್ಟು ತಿಳಿದರೆ ಸಾಕು ಎಂದು ಅವನಿಗಿತ್ತು. ಹುಲುಗಪ್ಪನ ಕೈ ಹೋಯಿತಂತೆ ಎಂಬ ಮಾತು ಟೀ ಅಂಗಡಿಯಲ್ಲಿ ಒಂದು ಸಲ ಎದ್ದರೆ, ತಾನು ಆ ಕುರ್ಚಿಯಲ್ಲಿ ಕೂತ ಬರೀ ಮುದುಕ. ಅವನಿಗೆ ಸಾವಿನ ಹೆದರಿಕೆ ಅಷ್ಟಾಗಿ ಇರಲಿಲ್ಲ, ಇದರ ಹೆದರಿಕೆ ಇತ್ತು.

ಹೀಗಿರುವಾಗ ಮಡಕಶಿರಾ ಕಡೆಯಿಂದ ಬೊಮ್ಮಯ್ಯ ಬಂದ. ಅಮರಾಪುರದ ಹತ್ತಿರದ ಕುರಿ ಸಾಕುವ ಮನೆತನದವನು. ನೆರೆತ ಮೀಸೆ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕರವಸ್ತ್ರದ ಗಂಟು.

"ಎರಡು ಚುಕ್ಕೆ ಹಾಕೋ ಹುಲುಗಪ್ಪನೋರು ಅಂದ್ರೆ ನೀವೇಯಾ?"

"ನಾನ ರೀ. ಕುಂದರ್ರಿ. ಏನಾಗಬೇಕಿತ್ತು?"

ಬೊಮ್ಮಯ್ಯ ಗಂಟು ಬಿಚ್ಚಿದ. ಮುರಿದ ಅಲ್ಯೂಮಿನಿಯಂ ತುಂಡೊಂದು, ಅದರ ಜೊತೆಗೆ ಮಾದರಿಗೆಂದು ಅಂಥದೇ ಇಡೀ ತುಂಡೊಂದು. ತಲೆ ದುಂಡಗೆ, ಮೈ ಚಪ್ಪಟೆ, ನಡುವೆ ತೂತು. ಯಾವ ಹೊಲಿಗೆ ಮಿಶಿನ್ನಿನಲ್ಲೂ ಇಂಥದನ್ನು ಹುಲುಗಪ್ಪ ಕಂಡಿರಲಿಲ್ಲ.

"ಗಿಟಾರಿಂದು ಕಣಣ್ಣ," ಅಂದ ಬೊಮ್ಮಯ್ಯ. "ನಿಂತ್ಕಂಡು ಬಾರ್ಸೋ ಗಿಟಾರಲ್ಲ. ಇದು ಮೇಜಿನಂಗೆ ನಾಲ್ಕು ಕಾಲ್ಮೇಲೆ ಮಲಗಿರ್ತೈತೆ. ತಂತಿ ಮೇಲೆ ಉಕ್ಕಿನ ಕಡ್ಡಿ ಜಾರಿಸ್ಬೇಕು. ಕೆಳಗೆ ನಿಮ್ಮ ಹೊಲಿಗೆ ಮಿಶಿನ್ನಿಗೆ ಇದ್ದಂಗೆ ಪೆಡಲ್ಲು. ಅದನ್ನ ತುಳಿದ್ರೆ ಒಂದು ಸರಳು ಈ ತುಂಡನ್ನ ಎಳೀತದೆ, ಇದು ತಂತೀನ ಎಳೀತದೆ, ಸ್ವರ ಮೇಲಕ್ಕೆ ಹೋಯ್ತದೆ. ಕಾಲು ತೆಗೆದ್ರೆ ಎಲ್ಲಿತ್ತೋ ಅಲ್ಲಿಗೇ ವಾಪಸ್ ಬರ್ಬೇಕು. ಕೂದಲೆಳೆಯಷ್ಟು ಆಚೆ ನಿಂತ್ರೂ ಕಿವಿ ಚುಚ್ತದೆ."

ಹರೆಯದಲ್ಲಿ ಅವನು ಬೆಂಗಳೂರಿನ ಹೋಟೆಲೊಂದರಲ್ಲಿ ಲೋಟ ತೊಳೆಯುತ್ತಿದ್ದ. ಅಲ್ಲಿ ಸಂಜೆ ಈ ವಾದ್ಯ ನುಡಿಸುತ್ತಿದ್ದ ದೊರೆಯಂಥ ಮುದುಕರೊಬ್ಬರು ಇವನಿಗೆ ಕಲಿಸಿ, ಮಗಳ ಜೊತೆ ಆಸ್ಟ್ರೇಲಿಯಾಕ್ಕೆ ಹೋಗುವಾಗ ವಾದ್ಯವನ್ನು ಇವನ ಕೈಗೆ ಒಪ್ಪಿಸಿದ್ದರು. ಈಗ ಮಡಕಶಿರಾ, ಶಿರಾ ಕಡೆಯ ಮದುವೆಗಳಲ್ಲಿ ಆರ್ಕೆಸ್ಟ್ರಾ ಜೊತೆ ನುಡಿಸುತ್ತಾನೆ. ವಾದ್ಯ ತಯಾರಿಸಿದ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿದೆ, ಬಿಡಿಭಾಗ ಎಲ್ಲೂ ಸಿಗುವುದಿಲ್ಲ. ತಂಗಿಯ ಮಗಳು ಹಿಂದೂಪುರದ ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತಾಳೆ. ಅಲ್ಲಿಯ ಮೆಕ್ಯಾನಿಕ್ಕು ಎರಡು ಚುಕ್ಕೆಯ ಕತೆ ಹೇಳಿದ್ದನಂತೆ. ಅಷ್ಟನ್ನೇ ನಂಬಿ ಪಾವಗಡ, ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸುತ್ತಾ ಬಂದಿದ್ದ.

"ಬೇರೆ ಯಾರ ಕೈಗೂ ಕೊಡ್ಬೇಡಿ ಅಣ್ಣ. ನಿಮ್ಮ ಕೈಯಾಗೇ ಆಗ್ಬೇಕು ಇದು."

"ನನ್ನ ಕೈಯಾಗ ಮಾಡಿಕೊಡ್ತೀನಿ," ಅಂದ ಹುಲುಗಪ್ಪ. ಒಳಗೆ ಲೇತಿನ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಮಂಜುಳ ಆ ತುಂಡಿನ ಬೆನ್ನುಹತ್ತಿದಳು ಅನ್ನಬೇಕು. ಜೀನ್ಸ್ ಮಿಶಿನ್ನಿನ ಭಾಗಗಳನ್ನು ಬಿಗಿಯಾಗಿ ಕೂರುವಂತೆ ಮಾಡುವುದು ವಾಡಿಕೆ. ದಪ್ಪ ಬಟ್ಟೆಯ ಏಟಿಗೆ ಸಡಿಲವಾದದ್ದು ಕಳಚಿಹೋಗುತ್ತದೆ. ಇದು ಅದಕ್ಕೆ ತದ್ವಿರುದ್ಧ. ಅಕ್ಕಪಕ್ಕದ ತುಂಡುಗಳ ನಡುವೆ ತಾಗಿಯೂ ತಾಗದಂತೆ ನಿಂತು, ಎಳೆದರೆ ಹೋಗಬೇಕು, ಬಿಟ್ಟರೆ ಬರಬೇಕು. ಮೊದಲನೆಯದನ್ನು ಮಾಡಿ ತಾನೇ ಗುಜರಿಗೆ ಹಾಕಿದಳು. ಎರಡನೆಯದನ್ನು ಎಮರಿ ಕಾಗದದಲ್ಲಿ ಉಜ್ಜಿ, ಹೆಬ್ಬೆರಳಾಡಿಸಿ, ಕಣ್ಣು ಮುಚ್ಚಿ ಮತ್ತೆ ಆಡಿಸಿ ನೋಡಿದಳು. ಹುಲುಗಪ್ಪ ಪರದೆಯ ಸಂದಿನಿಂದ ನೋಡುತ್ತಿದ್ದ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ಅವಳು ನಿಲ್ಲಿಸಿದಾಗ ಅವನಿಗೆ ಹೆಮ್ಮೆಯಾಯಿತು, ಹೊಟ್ಟೆಕಿಚ್ಚೂ ಆಯಿತು.

ಪರದೆಯ ಕೆಳಗಿನಿಂದ ತುಂಡು ಬಂತು. ಹುಲುಗಪ್ಪ ಅದನ್ನು ಕಟ್ಟಿಗೆಯ ಮೇಲಿಟ್ಟು, ತೂತಿನ ಪಕ್ಕದಲ್ಲಿ ಪಂಚು ಹಿಡಿದು, ಎಂದಿನಂತೆ ಎರಡು ಏಟು ಹಾಕಿದ.

ಮುಂದಿನ ವಾರ ಬೊಮ್ಮಯ್ಯ ವಾದ್ಯವನ್ನೇ ಬಸ್ಸಿನ ಮೇಲೆ ಹೇರಿಸಿಕೊಂಡು ಬಂದ. ಅಂಗಡಿಯ ನಡುವೆ ಅದನ್ನು ಕಾಲ ಮೇಲೆ ನಿಲ್ಲಿಸಿ, ಪುಟ್ಟ ಸ್ಪೀಕರ್ ಪೆಟ್ಟಿಗೆಗೆ ಕರೆಂಟು ಕೊಟ್ಟು, ಹೊಸ ತುಂಡು ಜೋಡಿಸಿ, ತಂತಿ ಬಿಗಿದು ಸ್ವರ ಕೂಡಿಸಿದ. ಅದೇ ಹೊತ್ತಿಗೆ ಜೀನ್ಸ್ ಯೂನಿಟ್ಟಿನ ಮೇಸ್ತ್ರಿ ಓಬುಲೇಶ್ ಸೂಜಿಯ ಕೆಳಗೆ ಬಟ್ಟೆಯನ್ನು ಮುಂದೆ ತಳ್ಳುವ ಸವೆದ ಹಲ್ಲುಪಟ್ಟಿಯೊಂದನ್ನು ಹಿಡಿದು ಬಂದವನು, ಇದೇನು ಹೊಸ ಮಿಶಿನ್ನು ಎಂದು ಬಾಗಿಲಲ್ಲೇ ನಿಂತ. ಮಂಜುಳ ಲೇತು ಆರಿಸಿ ಪರದೆಯ ಬಳಿಗೆ ಬಂದಳು.

ಬೊಮ್ಮಯ್ಯ ಉಕ್ಕಿನ ಕಡ್ಡಿಯನ್ನು ತಂತಿಯ ಮೇಲಿಟ್ಟು ಮೀಟಿದ. ಸ್ವರ ಎದ್ದಿತು. ಪೆಡಲ್ ತುಳಿದ, ಸ್ವರ ಬಾಗಿ ಮೇಲೇರಿತು, ಓಬುಲೇಶನ ಬಾಯಿ ತೆರೆದುಕೊಂಡಿತು. ಕಾಲು ತೆಗೆದ. ಸ್ವರ ಇಳಿಯುತ್ತಾ ಬಂದು, ಮನೆ ಮುಟ್ಟುವ ಮೊದಲೇ ನಿಂತುಬಿಟ್ಟಿತು. ಸಂಗೀತದ ಗಂಧಗಾಳಿ ಇಲ್ಲದ ಹುಲುಗಪ್ಪನಿಗೂ ಅದು ತಪ್ಪೆಂದು ಗೊತ್ತಾಯಿತು. ಬೊಮ್ಮಯ್ಯ ಮತ್ತೆ ತುಳಿದ, ಮತ್ತೆ ಬಿಟ್ಟ. ಮತ್ತೆ ಹಾಗೇ.

"ಹಿಡಿಕಂತೈತೆ ಅಣ್ಣ," ಅಂದ, ತಲೆ ಎತ್ತದೆ. "ನಿಮ್ಮ ಕೈಯಾಗೆ ಹಿಂಗ್ಯಾಕಾಯ್ತು?"

ಹುಲುಗಪ್ಪ ಮುಂದಕ್ಕೆ ಬಾಗಿದ. ತುಂಡನ್ನು ಬಿಚ್ಚಿಸಿಕೊಂಡು ಬೆಳಕಿಗೆ ಹಿಡಿದ. ಹೆಬ್ಬೆರಳಾಡಿಸಿದ. ಅದು ಏನೂ ಹೇಳಲಿಲ್ಲ. ತಿರುಗಿಸಿ ಇನ್ನೊಂದು ಮಗ್ಗುಲಿಗೆ ಆಡಿಸಿದ, ಅಲ್ಲೂ ಏನಿಲ್ಲ. ಮೂವರೂ ಅವನ ಕೈಯನ್ನೇ ನೋಡುತ್ತಿದ್ದರು. ಸುಳ್ಳೇ ತಲೆಯಾಡಿಸುತ್ತಾ ಅವನು ಇನ್ನೊಮ್ಮೆ ಬೆರಳಾಡಿಸಿದ.

"ಕೊಡ್ರಿ ಮಾವಾರ," ಎಂದು ಮಂಜುಳ ಕೈ ಚಾಚಿದಳು.

ಅವಳ ಹೆಬ್ಬೆರಳು ತೂತಿನ ಪಕ್ಕದಲ್ಲಿ ಬಂದು ನಿಂತಿತು. ಅಲ್ಲೇ ಎರಡು ಸಲ ಹಿಂದೆ ಮುಂದೆ ಆಡಿತು. ಹುಲುಗಪ್ಪ ಅದನ್ನು ನೋಡಿದ, ನೋಡಿದ ಕೂಡಲೇ ಅರ್ಥವಾಯಿತು. ಪಂಚು ಬಿದ್ದಲ್ಲಿ ಲೋಹ ಒಳಗೆ ಕುಸಿಯುತ್ತದೆ, ಕುಸಿದಷ್ಟೂ ಸುತ್ತಲೂ ಉಬ್ಬುತ್ತದೆ. ಗಟ್ಟಿ ಉಕ್ಕಿನಲ್ಲಿ ಅದು ಲೆಕ್ಕಕ್ಕಿಲ್ಲ. ಮೆತ್ತನೆಯ ಅಲ್ಯೂಮಿನಿಯಂನಲ್ಲಿ ಆ ಉಬ್ಬು ಪಕ್ಕದ ತುಂಡಿಗೆ ಉಜ್ಜಿ ನಿಲ್ಲುವಷ್ಟಿತ್ತು. ಕಸುಬಿಗೆ ಸೇರಿದ ಹೊಸ ಹುಡುಗರಿಗೆ ತಾನೇ ಹೇಳಿಕೊಡುತ್ತಿದ್ದ ಮಾತು. ತನ್ನ ಗುರುತು ಮಾಲನ್ನು ಕೆಡಿಸೀತು ಎಂದು ಅವನಿಗೆ ಹೊಳೆದೇ ಇರಲಿಲ್ಲ.

ಮಂಜುಳ ಮಾವನ ಮುಖ ನೋಡಿದಳು, ಓಬುಲೇಶನ ಮುಖ ನೋಡಿದಳು.

"ನಂದ ತಪ್ಪರಿ," ಅಂದಳು ಬೊಮ್ಮಯ್ಯನಿಗೆ. "ಮಾವಾರು ಮಾಡಿ ಕೊಟ್ಟಿದ್ದನ್ನ ಉಜ್ಜೋದು ನಾನು. ಸರಿಯಾಗಿ ಉಜ್ಜಿಲ್ಲ. ತಡೀರಿ, ಈಗ ಸರಿ ಮಾಡಿಕೊಡ್ತೀನಿ."

ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. ಬೊಮ್ಮಯ್ಯ ಆಗಲೇ ಇರಲಿ ಬಿಡಮ್ಮ ಎನ್ನುವ ಮುಖ ಮಾಡಿದ್ದ. ಹುಲುಗಪ್ಪನೂ ಸುಮ್ಮನಿರಬೇಕೆಂದೇ ಇದ್ದ. ಆದರೆ ಸರಿಯಾದ ಮಾಲನ್ನು ಯಾರಾದರೂ ಕೆಟ್ಟದ್ದು ಅಂದರೆ ಅವನು ಜನ್ಮದಲ್ಲಿ ಸಹಿಸಿದವನಲ್ಲ. ಅದಕ್ಕಾಗಿ ಎಂಥೆಂಥ ಗಿರಾಕಿಗಳ ಮೇಲೆ ಹರಿಹಾಯ್ದಿದ್ದಾನೆ. ಈಗ ಆ ಮಾತನ್ನು ಹೇಳುತ್ತಿರುವವಳು ಮಾಲು ಮಾಡಿದವಳೇ. ಮಾವನ ಮುಖ ಉಳಿಸಲು ತನ್ನ ಕೆಲಸಕ್ಕೇ ಮಸಿ ಬಳಿದುಕೊಳ್ಳುತ್ತಿದ್ದಾಳೆ. ಅವನಿಗೆ ನಾಚಿಕೆಯಾಯಿತು, ನಾಚಿಕೆಯ ಹಿಂದೆಯೇ ಸಿಟ್ಟು ಬಂತು.

"ಯಾಕ ಸುಳ್ಳ ಹೇಳ್ತೀ?" ಅಂದ, ದನಿ ಏರಿಸಿ. "ಮಾಲು ಸರಿ ಇತ್ತು. ಕೆಡಿಸಿದ್ದು ನನ್ನ ಚುಕ್ಕಿ."

ಮಂಜುಳ ಬೇಡವೆಂದು ಕಣ್ಣುಸನ್ನೆ ಮಾಡಿದಳು. ಅವನು ನೋಡದವನಂತೆ ಬೊಮ್ಮಯ್ಯನ ಕಡೆ ತಿರುಗಿದ.

"ಕೇಳ್ರಿಲ್ಲಿ. ಇದನ್ನ ನಾ ಮಾಡಿಲ್ಲ. ಇದೊಂದ ಅಲ್ಲ, ನೀವು ಹಿಂದೂಪುರದಾಗ ಕೇಳಿದ ಮಾಲೂ ನಂದಲ್ಲ. ನನ್ನ ಬೆರಳಿಗೆ ಏನೂ ತಿಳಿಯಂಗಿಲ್ಲ. ಎಲ್ಲಾ ಈಕಿ ಮಾಡ್ತಾಳ. ನಾ ಕುಂತು ಚುಕ್ಕಿ ಹೊಡೀತೀನಿ, ಅಷ್ಟ."

ಓಬುಲೇಶ್ ಕೈಯಲ್ಲಿದ್ದ ಹಲ್ಲುಪಟ್ಟಿಯನ್ನು ನೋಡಿಕೊಂಡ, ಪರದೆಯನ್ನು ನೋಡಿದ. ಮಂಜುಳ ತುಂಡು ಹಿಡಿದು ಒಳಗೆ ಹೋದಳು. ಎಮರಿ ಕಾಗದದ ಸರಸರ ಸದ್ದು ಕೇಳಿಸಿತು.

ಅವಳು ತಂದುಕೊಟ್ಟ ತುಂಡಿನ ಮಗ್ಗುಲು ನುಣುಪಾಗಿತ್ತು. ಬೊಮ್ಮಯ್ಯ ಜೋಡಿಸಿದ, ಸ್ವರ ಕೂಡಿಸಿದ, ತುಳಿದ, ಬಿಟ್ಟ. ಸ್ವರ ಮೇಲೆ ಹೋಗಿ ಹೊರಟಲ್ಲಿಗೇ ಬಂದು ಸೇರಿತು. ಇನ್ನೊಮ್ಮೆ ನೋಡಿ, ಆಮೇಲೆ ಪರೀಕ್ಷೆ ಮರೆತು ನುಡಿಸತೊಡಗಿದ. ಬೀದಿಯಲ್ಲಿ ಹೋಗುತ್ತಿದ್ದವರು ಇಣುಕಿದರು. ಹುಲುಗಪ್ಪನ ಕಿವಿಗೆ ಹಾಡು ಬೀಳಲಿಲ್ಲ. ಕಾಲು ಎದ್ದಾಗಲೆಲ್ಲ ಸ್ವರ ವಾಪಸು ಬರುತ್ತದೋ ಇಲ್ಲವೋ ಎಂದಷ್ಟೇ ಕಾಯುತ್ತಿದ್ದ. ಪ್ರತಿ ಸಲವೂ ಬಂತು.

ನುಡಿಸುವುದು ನಿಲ್ಲಿಸಿದ ಬೊಮ್ಮಯ್ಯ ಕಣ್ಣೊರೆಸಿಕೊಂಡ. ಹುಲುಗಪ್ಪನ ಮಾತು ಅವನಿಗೆ ದೊಡ್ಡದಾಗಿ ಕಂಡಂತಿರಲಿಲ್ಲ. ಅವನಿಗೆ ಬೇಕಾದದ್ದು ಸಿಕ್ಕಿತ್ತು.

"ಉಳಿದವೂ ಸವೆದವ್ವೆ ಅಣ್ಣ. ಅವನ್ನೂ ಈ ಅಮ್ಮನ ಕೈಯಾಗೇ ಮಾಡಿಸ್ಕೊಡಿ," ಅಂದ. ಮೆತ್ತಗೆ ಇನ್ನೊಂದು ಮಾತು ಸೇರಿಸಿದ. "ಚುಕ್ಕೆ ಮಾತ್ರ ಬ್ಯಾಡ."

"ಹಾಕಂಗಿಲ್ಲ ಬಿಡ್ರಿ," ಅಂದ ಹುಲುಗಪ್ಪ.

ಓಬುಲೇಶ್ ಒಳ್ಳೆಯ ಮನುಷ್ಯ. ಬಂದಾಗಲೆಲ್ಲ ಹುಲುಗಪ್ಪಣ್ಣ ಎಂದು ಕುರ್ಚಿಯ ಪಕ್ಕ ಕೂತು, ಮಿಶಿನ್ನಿನ ರೋಗವನ್ನೆಲ್ಲ ಹೇಳಿಕೊಂಡು, ಟೀ ತರಿಸಿ ಕುಡಿಸಿ ಹೋಗುತ್ತಿದ್ದವನು. ಇವತ್ತೂ ಬಾಗಿಲಿಂದ ಎರಡು ಹೆಜ್ಜೆ ಕುರ್ಚಿಯ ಕಡೆಗೇ ಬಂದ. ಅಲ್ಲಿ ಒಂದು ಗಳಿಗೆ ನಿಂತ. ಆಮೇಲೆ ಹುಲುಗಪ್ಪನನ್ನು ಬಳಸಿಕೊಂಡು ಪರದೆಯ ತನಕ ಹೋಗಿ ಹಲ್ಲುಪಟ್ಟಿ ಚಾಚಿದ.

"ಅಕ್ಕಾ, ಇದು ನಾಳಿಗೆ ಆಗ್ತೈತೇನ್ರಿ? ಈ ಕಡೀದು ಹಲ್ಲು ಬಟ್ಟಿ ಹಿಡೀವಲ್ದು."

ಮಂಜುಳ ಮಾವನ ಕಡೆ ನೋಡಿದಳು. ಅವನು ಬೀದಿ ನೋಡುತ್ತಿದ್ದ. "ಸಂಜಿಕ್ಕ ಬರ್ರಿ," ಅಂದಳು.

ಇಬ್ಬರೂ ಹೋದರು. ಅಂಗಡಿಯಲ್ಲಿ ಮಾವ ಸೊಸೆ ಇಬ್ಬರೇ. ಲೇತು ಶುರುವಾಗುವ ಮೊದಲು ಹುಲುಗಪ್ಪ ಎದ್ದು ಪರದೆ ಸರಿಸಿ ಒಳಗೆ ಬಂದ. ಈ ಲೇತನ್ನು ಅವನು ಕೊಂಡು ತಂದಾಗ ಮಂಜುಳ ಹುಟ್ಟಿರಲಿಲ್ಲ. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಗೋಡೆಯ ಹತ್ತಿರ ನಿಂತುಕೊಂಡ.

"ಗಿಟಾರಿನವರ ಉಳಿದ ತುಂಡಿಗೆ ಪಟ್ಟಿ ಕೊಯ್ದು ಕೊಡ್ಲೇನವ್ವ?" ಅಂದ. "ಅದಕ್ಕ ಬೆರಳು ಬೇಕಾಗಂಗಿಲ್ಲ. ಕಣ್ಣಿದ್ರ ಸಾಕು."

ಬೇಡ ಅಂದಿದ್ದರೆ ಅವನು ಮತ್ತೆ ಕುರ್ಚಿಗೆ ಹೋಗಿ ಕೂರುತ್ತಿದ್ದ, ಬಹುಶಃ ಮತ್ತೆ ಏಳುತ್ತಲೂ ಇರಲಿಲ್ಲ. ಮಂಜುಳ ಬೇಡ ಅನ್ನಲಿಲ್ಲ. ಅಲ್ಯೂಮಿನಿಯಂ ಪಟ್ಟಿ ತೆಗೆದು, ಅಳೆದು, ಮೊಳೆಯಿಂದ ಗೆರೆ ಎಳೆದು, ಗರಗಸದ ಜೊತೆ ಅವನ ಮುಂದಿಟ್ಟಳು.

"ಈ ಗೆರಿ ಮ್ಯಾಲೆ ಕೊಯ್ರಿ ಮಾವಾರ," ಅಂದಳು. "ಗೆರಿ ದಾಟಬ್ಯಾಡ್ರಿ."

"ಆತವ್ವ," ಅಂದ ಹುಲುಗಪ್ಪ.